ಚಕ್ರವನ್ನು ಮೊದಲು ಮಾತಾಡಿಸುತ್ತಿದ್ದವರು

ತೀರಿಕೊಂಡ ಬ್ರೇಕ್ ಮೇಸ್ತ್ರಿಯ ಬ್ಯಾನರಿಗೆ ನಾಲ್ಕು ಸಾಲು ಬೇಕಂತೆ. ಕೊಳ್ಳೇಗಾಲದ ಟ್ಯಾಕ್ಸಿ ಸ್ಟ್ಯಾಂಡಿನ ಚಾಲಕನೊಬ್ಬ ಮನೆಯ ಬಾಗಿಲಿಗೇ ಬಂದು ಕೇಳಿದ.

"ನೀವು ಕನ್ನಡ ಮೇಷ್ಟ್ರು. ಅವ್ರತ್ರ ಬ್ರೇಕ್ ಮಾಡಿಸ್ದೋರು ಬ್ಯಾರೆ. ಒಂದೀಟು ಚೆಂದಾಗಿ ಬರ್ದ್ಕೊಡಿ ಸಾ. ಹನ್ನೊಂದ್ನೇ ದಿನಕ್ಕ ಕಟ್ಟಬೇಕು."

"ಏನಂತ ಬರೀಲಿ?"

"ಅದೇ ಸಾ. ಗಾಡಿ ಶೆಡ್ಡೊಳಕ್ಕ ಬರೋ ಸದ್ದಲ್ಲೇ ಯಾವ ಚಕ್ರ ಕೆಟ್ಟದ ಅಂತ ಏಳ್ಬುಡೋರು ಅಂತ."

ಅದು ಸುಳ್ಳು. ಸದ್ದು ಕೇಳಿ ಅವರು ಹೇಳಿದ್ದನ್ನು ನಾನು ಒಂದೇ ಒಂದು ಸಲ ಕೇಳಿದ್ದೇನೆ, ಆ ಸಲ ತಪ್ಪು ಹೇಳಿದ್ದರು. ನನ್ನ ಕಾರಿನ ಎಡಚಕ್ರ ಬಿಚ್ಚಿ, ಪ್ಯಾಡು ತೆಗೆದು, ಬೆಳಕಿಗೆ ಹಿಡಿದು ನೋಡಿ, "ಇದಲ್ಲ ಕಣ್ ಸಾ" ಎಂದು ಮತ್ತೆ ನಟ್ಟು ಬಿಗಿದು ಬಲಗಡೆಗೆ ಹೋದರು. ನಾಚಿಕೆಯೂ ಇಲ್ಲ, ಕ್ಷಮೆಯೂ ಇಲ್ಲ. ನನ್ನ ಒಂದು ಗಂಟೆ ಹೋಯಿತು, ಅಷ್ಟೇ.

ಇದನ್ನು ಬ್ಯಾನರಿನ ಮೇಲೆ ಬರೆಯಲಾಗುವುದಿಲ್ಲ.

ಮನುಷ್ಯ ಸತ್ತು ವಾರವಾಗುವುದರೊಳಗೆ ಅವನನ್ನು ತೊಳೆದು ಇಸ್ತ್ರಿ ಹಾಕಿಬಿಡುತ್ತಾರೆ. ನನಗೆ ಅವರ ನೆನಪೆಲ್ಲ ಸಿಟ್ಟಿನ ಜೊತೆಗೇ ಬರುತ್ತದೆ. ಸಿಟ್ಟು ತೆಗೆದರೆ ಉಳಿಯುವವರು ಅವರಲ್ಲ, ಇನ್ಯಾರೋ.

ಬೆಟ್ಟದ ರಸ್ತೆಗೆ ಮುಖಮಾಡಿದ್ದ ತಗಡಿನ ಶೆಡ್ಡು. ಬ್ರೇಕ್ ಕೆಲಸ ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಇಂಜಿನ್ ಬಗ್ಗೆ ಕೇಳಿದರೆ, "ಓಡ್ಸಾದು ನಮ್ ಕೆಲ್ಸ ಅಲ್ಲ ಸಾ, ನಿಲ್ಸಾದು ನಮ್ಮದು" ಎನ್ನುತ್ತಿದ್ದರು. ಈ ಮಾತನ್ನು ಚಾಲಕರು ಬ್ಯಾನರಿಗೆ ಹಾಕಬಹುದು, ಹಾಕಿದರೆ ಚಪ್ಪಾಳೆ ಬರುತ್ತದೆ. ಆದರೆ ಅವರು ಅದನ್ನು ಹೇಳುತ್ತಿದ್ದದ್ದು ಗಿರಾಕಿಯನ್ನು ಸಾಗಹಾಕುವುದಕ್ಕೆ.

ಗಾಡಿ ಬಂದು ನಿಂತರೆ ಮೊದಲು ಚಾಲಕನ ಮುಖ ನೋಡುತ್ತಿರಲಿಲ್ಲ. ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಅಂಗೈಯಲ್ಲ, ಕೈಯ ಹಿಂಭಾಗವನ್ನು ಚಕ್ರದ ಸಂದಿಯ ಹತ್ತಿರ ಹಿಡಿಯುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ನೋಡುವ ಹಾಗೆ ಎಂದು ಬರೆಯಬೇಕೆನಿಸುತ್ತದೆ. ಹಾಗಿರಲಿಲ್ಲ. ದೋಸೆಕಲ್ಲು ಕಾದಿದೆಯೇ ಎಂದು ನೋಡುವ ಹಾಗಿತ್ತು. ಆಮೇಲೆ ಎದ್ದು, "ಏನ್ ಸಾ, ಚೆನ್ನಾಗಿದ್ದೀರಾ" ಎಂದು ನಮ್ಮನ್ನು ಕೇಳುವುದು. ಉತ್ತರಕ್ಕೆ ಕಾಯುತ್ತಿರಲಿಲ್ಲ, ಚಕ್ರದಿಂದ ಆಗಲೇ ಸಿಕ್ಕಿರುತ್ತಿತ್ತು.

ಅವರದು ರೇಷ್ಮೆ ನೇಯುವ ಮನೆ. ತಮ್ಮ ಈಗಲೂ ಮಗ್ಗದಲ್ಲಿದ್ದಾರೆ. ಇವರು ಹುಡುಗುತನದಲ್ಲಿ ಬಣ್ಣದ ಹಂಡೆಯ ಮುಂದೆ ಕೂತವರಂತೆ. ಯಾಕೆ ಬಿಟ್ಟು ಬಂದರೋ ನನಗೆ ಗೊತ್ತಿಲ್ಲ, ಕೇಳಿರಲಿಲ್ಲ. ಅಲ್ಲಿಂದ ತಂದದ್ದು ಒಂದು ಅಭ್ಯಾಸ ಮಾತ್ರ. ಬಿಚ್ಚಿದ ಬ್ರೇಕ್ ಡಿಸ್ಕನ್ನು, ಪ್ಯಾಡು ಕಚ್ಚಿ ನಿಲ್ಲಿಸುವ ಆ ಕಬ್ಬಿಣದ ತಟ್ಟೆಯನ್ನು, ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನ ಉಗುರನ್ನು ಒಳಗಿನಿಂದ ಹೊರಗೆ ನಿಧಾನಕ್ಕೆ ಎಳೆಯುತ್ತಿದ್ದರು, ಸೀರೆಯ ಅಂಚಿನಲ್ಲಿ ಎಳೆ ತಪ್ಪಿದೆಯೇ ಎಂದು ನೋಡುವ ಹಾಗೆ. ಹಳೆಯ ಡಿಸ್ಕನ್ನು ಗುಜರಿಗೆ ಹಾಕುತ್ತಿರಲಿಲ್ಲ. ಗೋಡೆಗೆ ಮೊಳೆ ಹೊಡೆದು ತೂಗುಹಾಕಿ, ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಬರೆಯುತ್ತಿದ್ದದ್ದು ಮಾಲೀಕನ ಹೆಸರಲ್ಲ, ದಾರಿ. "ಯಳಂದೂರು." "ಹನೂರು, ಕಬ್ಬಿನ ಲೋಡು." "ಬೆಟ್ಟ." ಡಿಸ್ಕ್ ಸವೆಸುವುದು ಮನುಷ್ಯನಲ್ಲ, ದಾರಿ ಎಂದು ಅವರ ಲೆಕ್ಕವೋ ಏನೋ. ಅಥವಾ ಹೆಸರುಗಳು ನೆನಪಿರುತ್ತಿರಲಿಲ್ಲವೋ.

ನನ್ನ ಕಾರಿನ ವಿಷಯಕ್ಕೆ ಬರುತ್ತೇನೆ, ಸಿಟ್ಟು ಶುರುವಾದದ್ದು ಅಲ್ಲಿ.

ನಾನು ಪಾಠ ಮಾಡುವುದು ಯಳಂದೂರಿನ ಕಾಲೇಜಿನಲ್ಲಿ. ದಿನವೂ ಹೋಗಿಬರುವ ಆ ದಾರಿ ಅಂಗೈಯಷ್ಟು ಸಪಾಟು, ಅಲ್ಲಿ ಬ್ರೇಕಿಗೇನೂ ಆಗುವುದಿಲ್ಲ. ಆದರೆ ಪ್ರತಿ ಅಮಾವಾಸ್ಯೆಗೆ ಅವ್ವನನ್ನು ಮಾದಪ್ಪನ ಬೆಟ್ಟಕ್ಕೆ ಕರೆದುಕೊಂಡು ಹೋಗಬೇಕು. ತಪ್ಪಿಸುವ ಹಾಗಿಲ್ಲ. ಅಪ್ಪ ಯಾತ್ರಿಕರ ವ್ಯಾನ್ ಓಡಿಸುತ್ತಿದ್ದ ಕಾಲದಿಂದ ನಡೆದುಬಂದದ್ದು, ಅಪ್ಪ ಹೋದ ಮೇಲೂ ನಿಂತಿಲ್ಲ. ಬಸ್ಸಿನಲ್ಲಿ ಅವ್ವನಿಗೆ ಮಂಡಿ ಮಡಚಲಾಗುವುದಿಲ್ಲ. ಹಾಗಾಗಿ ನನ್ನ ಕಾರು. ಹನೂರು, ಕೌದಳ್ಳಿ ದಾಟಿ, ಬೆಟ್ಟದ ಬುಡದಲ್ಲಿರುವ ತಾಳಬೆಟ್ಟದಿಂದ ತಿರುವು ಏರಿ ಹೋಗುವುದು. ಪೂಜೆ ಮುಗಿಸಿ ಅದೇ ತಿರುವು ಇಳಿಯುವುದು.

ನನಗೆ ಬೇಕಾಗಿದ್ದದ್ದು ಒಂದೇ. ಅವ್ವ ಪಕ್ಕದಲ್ಲಿ ಕೂತಿದ್ದಾಗ, ಇಳಿಜಾರಿನಲ್ಲಿ, ಕಾಲಿಟ್ಟರೆ ಬ್ರೇಕು ಹಿಡಿಯಬೇಕು.

ಮೊದಲ ಜೊತೆ ಡಿಸ್ಕು ಕೆಲವೇ ತಿಂಗಳಲ್ಲಿ ನಡುಗತೊಡಗಿತು. ಬ್ರೇಕ್ ಒತ್ತಿದರೆ ಸ್ಟೇರಿಂಗು ಕೈಯಲ್ಲಿ ಥರಥರ. ಅವರು ಬಿಚ್ಚಿ, ಉಗುರು ಎಳೆದು, "ಮೇಲಕ್ಕ ಯಾವ ಗೇರಲ್ಲಿ ಓದ್ರಿ?" ಎಂದರು.

"ಎರಡನೇದು. ಕೆಲವು ತಿರುವಲ್ಲಿ ಒಂದು."

"ಕೆಳಕ್ಕ?"

"ಮೂರು. ನಾಲ್ಕು."

"ಏರಿದ ಗೇರಲ್ಲೇ ಇಳೀಬೇಕು ಸಾ."

"ಎರಡನೇ ಗೇರಲ್ಲಿ ಇಂಜಿನ್ ಅರಚುತ್ತದೆ. ಅವ್ವ ಹೆದರುತ್ತಾಳೆ."

"ಅರಚ್ಲಿ ಬುಡಿ. ಅರಚೋದು ಇಂಜಿನ್ನಾದ್ರ ನೀವು ಅರಚಂಗಿಲ್ಲ."

ಅಷ್ಟೇ. ಹೊಸ ಜೊತೆ ಹಾಕಿದರು. ಅದೂ ನಡುಗಿತು.

ಆಗ ಕಾಲೇಜಿನ ನನ್ನ ಸಹೋದ್ಯೋಗಿ, ಭೌತಶಾಸ್ತ್ರದವರು, ಕ್ರಯೋಜೆನಿಕ್ ಡಿಸ್ಕಿನ ಬಗ್ಗೆ ಹೇಳಿದರು. ಡಿಸ್ಕನ್ನು ದ್ರವ ಸಾರಜನಕದ ನೆರವಿನಿಂದ ಸೊನ್ನೆಗಿಂತ ನೂರಾ ತೊಂಬತ್ತರಷ್ಟು ಡಿಗ್ರಿ ಕೆಳಕ್ಕೆ ಇಳಿಸಿ, ಒಂದು ದಿನ ಹಾಗೇ ಇಟ್ಟು, ಮತ್ತೆ ಮೇಲಕ್ಕೆ ತರುತ್ತಾರೆ. ಒಳಗಿನ ಕಣಗಳು ಬಿಗಿಯಾಗಿ ಕೂರುತ್ತವಂತೆ, ಸವೆತ ಕಡಿಮೆಯಂತೆ. ನನಗೆ ಅದು ತಲೆಗೆ ಹತ್ತಿಬಿಟ್ಟಿತು. ವಾರಗಟ್ಟಲೆ ಫೋನಿನಲ್ಲಿ ಅದನ್ನೇ ಓದಿದೆ. ತೂತು ಕೊರೆದ ಡಿಸ್ಕು, ಗೀರು ಹಾಕಿದ ಡಿಸ್ಕು, ದೊಡ್ಡ ಅಳತೆಯದು, ತಣ್ಣಗೆ ಹದ ಮಾಡಿದ್ದು. ಒಬ್ಬ ಇದು ಅಮೃತ ಎನ್ನುತ್ತಿದ್ದ, ಇನ್ನೊಬ್ಬ ಮಂಕುಬೂದಿ ಎನ್ನುತ್ತಿದ್ದ. ಇಬ್ಬರೂ ತಾಳಬೆಟ್ಟ ನೋಡಿದವರಲ್ಲ.

ಶೆಡ್ಡಿಗೆ ಹೋಗಿ ಎಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿದರು. ನಡುವೆ ಒಂದೇ ಪ್ರಶ್ನೆ.

"ಎಷ್ಟೊತ್ತಲ್ಲಿ ತಣ್ಣಗೆ ಮಾಡ್ತಾರ ಸಾ?"

"ನಿಧಾನಕ್ಕೆ. ಗಂಟೆಗಟ್ಟಲೆ. ಒಂದೇ ಏಟಿಗೆ ತಣ್ಣಗಾದರೆ ಒಡೆಯುತ್ತದಂತೆ."

"ಆ."

ಆ "ಆ" ನನಗೆ ಇವತ್ತಿಗೂ ಕೇಳುತ್ತದೆ. ಆಮೇಲೆ ಅವರು ಹೇಳಿದ್ದು ಇಷ್ಟು: "ಕುದಿಯೋ ಬಣ್ಣದ ಹಂಡೆಯಿಂದ ತಗ್ದ ರೇಷ್ಮೆನ ಅಂಗೇ ತಣ್ಣೀರ್ಗ ಅದ್ದಿದ್ರ ಏನಾಯ್ತದ ಗೊತ್ತಾ ಸಾ?"

"ನಾನು ಕೇಳಿದ್ದು ಡಿಸ್ಕಿನ ವಿಷಯ" ಎಂದೆ, ಸಿಡುಕಿನಿಂದ.

"ನಾನೂ ಅದ್ನೇ ಏಳ್ತಾ ಇರಾದು."

ಈ ಕೊನೆಯ ಮಾತನ್ನು ಅವರು ಹೇಳಿದರೋ, ಈಗ ನಾನು ಅವರ ಬಾಯಿಗೆ ಹಾಕುತ್ತಿದ್ದೇನೋ ಖಾತ್ರಿಯಿಲ್ಲ. ರೇಷ್ಮೆಯ ಮಾತು ಖಾತ್ರಿ. ಸಿಡುಕಿದ್ದೂ ಖಾತ್ರಿ.

ಮೂರನೇ ಜೊತೆಯನ್ನೂ ಸಾದಾ ಡಿಸ್ಕನ್ನೇ ಹಾಕಿದರು. "ಇವು ನೋಡವ, ಆಮೇಲ ಅದ ನೋಡವ" ಎಂದರು. ಹೋದ ತಿಂಗಳ ಅಮಾವಾಸ್ಯೆಯ ದಿನ ಬೆಟ್ಟ ಇಳಿಯುವಾಗ, ತಾಳಬೆಟ್ಟಕ್ಕೆ ಇನ್ನು ಕೆಲವು ತಿರುವು ಇರುವಾಗ, ಪೆಡಲು ಹಸಿ ಸ್ಪಂಜಿನ ಹಾಗೆ ಒಳಗೆ ಹೋಯಿತು. ಎರಡನೇ ಸಲ ಒತ್ತಿದೆ, ನೆಲ ಮುಟ್ಟಿತು. ಮುಂದೆ ಜನ ತುಂಬಿದ ಟೆಂಪೋ. ಗೇರು ಎಳೆದೆಳೆದು ಇಳಿಸಿ, ಕೈಬ್ರೇಕು ಜಗ್ಗಿ, ಗುಡ್ಡದ ಕಡೆಯ ಮಣ್ಣಿನ ದಿಬ್ಬಕ್ಕೆ ಕಾರನ್ನು ಉಜ್ಜಿ ನಿಲ್ಲಿಸಿದೆ. ಅವ್ವ ಪ್ರಸಾದದ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಉಘೇ ಮಾದಪ್ಪ" ಎಂದಳು. ಆಮೇಲೆ, "ಯಾಕ್ಲಾ ನಿಲ್ಲಿಸ್ದೆ?" ಎಂದು ಕೇಳಿದಳು. ಗಾಡಿ ಬಿಸಿಯಾಗಿದೆ ಎಂದೆ.

ಮುಕ್ಕಾಲು ಗಂಟೆ ಕಾದು, ತೆವಳಿಕೊಂಡು ತಾಳಬೆಟ್ಟಕ್ಕೆ ಇಳಿದು, ಯಾವತ್ತಿನಂತೆ ಅಲ್ಲಿ ನಿಲ್ಲಿಸಿ, ಅವ್ವ ತನ್ನ ಪೂಜೆ ಮುಗಿಸಿ, ಕೊಳ್ಳೇಗಾಲ ಸೇರಿದೆವು.

ಮಾರನೇ ದಿನ ಶೆಡ್ಡಿನಲ್ಲಿ ನಾನು ಕೂಗಾಡಿದೆ. ಅವರು ಬ್ರೇಕ್ ಆಯಿಲ್ ಪೂರ್ತಿ ಇಳಿಸಿದರು, ಟೀ ಡಿಕಾಕ್ಷನ್ನಿನಷ್ಟು ಕಪ್ಪಗಿತ್ತು. "ಇದು ಕುದ್ದೋಗದ" ಎಂದರು. ಡಿಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಉಗುರು ಎಳೆದರು. ಉಗುರು ಒಂದು ಕಡೆ ಸಿಕ್ಕಿಕೊಂಡಿತು. ನನ್ನ ಬೆರಳು ಹಿಡಿದು ಅಲ್ಲಿ ಇಟ್ಟರು. ಕೂದಲೆಳೆಯಂಥ ಬಿರುಕುಗಳು, ಒಂದಲ್ಲ, ನಾಲ್ಕೈದು.

"ಇದಕ್ಕೇ ಹೇಳಿದ್ದು, ಕ್ರಯೋಜೆನಿಕ್ ತರಿಸೋಣ ಅಂತ. ಹೌದೋ ಅಲ್ಲವೋ ಒಂದು ಹೇಳಿ ನೋಡುವ."

"ತರಿಸಿ ಸಾ. ಕೆಟ್ಟದ್ದಲ್ಲ ಅದು. ರೇಸು ಓಡ್ಸೋರ್ಗ, ದಿನಾ ಲೋಡು ಒಡ್ಯೋರ್ಗ ವಸಿ ಜಾಸ್ತಿ ದಿನ ಬಾಳ್ತದ ಅಂತಾರ. ನಾ ನೋಡಿಲ್ಲ, ಸುಳ್ಳು ಅನ್ನಕಿಲ್ಲ. ಆದ್ರ ನಿಮ್ದು ಸವೆಯೋ ರೋಗ ಅಲ್ಲ."

"ಮತ್ತೆ ಯಾವ ರೋಗ?"

ಅವರು ಕೈಯೊರೆಸಿಕೊಂಡರು. "ಅವ್ವಾರು ಚೆನ್ನಾಗವ್ರಾ?"

"ಇದ್ದಾಳೆ. ರೋಗ ಯಾವುದು ಹೇಳಿ."

"ತಾಳಬೆಟ್ಟದಲ್ಲಿ ಈಗ್ಲೂ ನಿಲ್ಲಿಸ್ತೀರಾ?"

"ನಿಲ್ಲಿಸ್ತೀನಿ. ಅದಕ್ಕೂ ಇದಕ್ಕೂ ಏನು?"

ಸ್ವಲ್ಪ ಹೊತ್ತು ಸುಮ್ಮನಿದ್ದರು ಎಂದು ನನ್ನ ನೆನಪು. ಇರಲಿಲ್ಲವೋ ಏನೋ. ಈಗ ಗೊತ್ತಾಗಿರುವುದರಿಂದ ಆ ಮೌನವನ್ನು ನಾನೇ ಅಲ್ಲಿ ತುರುಕುತ್ತಿರಬಹುದು. ಆಮೇಲೆ ಅವರು ಹೇಳಿದ್ದು ಮಾತ್ರ ಅದೇ ಹಳೇ ಮಾತು. "ಎರಡ್ನೇ ಗೇರಲ್ಲಿ ಇಳೀರಿ ಸಾ. ನಿಂತಾಗ ಚಕ್ರಕ್ಕ ಕೈ ಇಟ್ರ ಸುಡಬಾರ್ದು. ಅಷ್ಟು ಮಾಡಿ, ಇನ್ನೇನೂ ಬ್ಯಾಡ."

ನಾಲ್ಕನೇ ಜೊತೆ, ಮತ್ತೆ ಸಾದಾ. ನಾನು ಬರುತ್ತೇನೆ ಎಂದೂ ಹೇಳದೆ ಕಾರು ಹತ್ತಿದೆ. ಎರಡು ವಾರಕ್ಕೆ ಅವರು ಹೋದರು. ನ್ಯುಮೋನಿಯಾ ಅಂದರು.

ಚಾಲಕ ಬಂದುಹೋದ ಮೇಲೆ, ನಾಲ್ಕು ಸಾಲಿಗೆ ಏನಾದರೂ ಸಿಕ್ಕೀತೇ ಎಂದು ಶೆಡ್ಡಿಗೆ ಹೋದೆ. ಅವರ ತಮ್ಮ ಸಾಮಾನು ಖಾಲಿ ಮಾಡಿಸುತ್ತಿದ್ದರು. ಗೋಡೆಯ ಡಿಸ್ಕುಗಳೆಲ್ಲ ಇಳಿದು ಬಾಗಿಲ ಹತ್ತಿರ ರಾಶಿ ಬಿದ್ದಿದ್ದವು.

"ಗುಜರಿಗೆ ಕೊಡ್ತಾ ಇವ್ನಿ ಸಾ. ನಮ್ಮಣ್ಣಂಗ ಬುದ್ಧಿ ಇರ್ಲಿಲ್ಲ. ಸೀರೆ ಸುತ್ತಿ ಮಡಗೋದ ಬುಟ್ಟು ಕಬ್ಬಿಣ ಸುತ್ತಿ ಮಡಗವ್ನ."

ನಾನು ಕೂತು ಒಂದೊಂದನ್ನೇ ತಿರುಗಿಸಿದೆ. ನನ್ನವು ಸಿಕ್ಕಿದವು. ಮೂರೂ ಜೊತೆಯನ್ನು ತಂತಿ ಪೋಣಿಸಿ ಒಟ್ಟಿಗೆ ಕಟ್ಟಿದ್ದರು. ನನ್ನ ಕಾರಿನ ಅಳತೆ, ನನ್ನ ಕಾರಿನ ನಾಲ್ಕು ತೂತು, ಬಿರುಕಿನ ಆ ಜಾಗವನ್ನು ನನ್ನ ಬೆರಳೂ ಗುರುತಿಸಿತು. ಮೊದಲನೆಯದರ ಮೇಲೆ "ಬೆಟ್ಟ" ಎಂದಿತ್ತು. ಎರಡನೆಯದರ ಮೇಲೆ "ಬೆಟ್ಟ, ಅಮಾಸೆ". ಮೂರನೆಯದರ ಮೇಲೆ ಎರಡು ಪದ: "ತಾಳಬೆಟ್ಟ. ನೀರು."

ನೀರು.

ರಾಶಿಯ ಮುಂದೆ ಕೂತಿದ್ದ ಹಾಗೇ ನನಗೆ ಅವ್ವನ ಪೂಜೆ ಕಣ್ಣಿಗೆ ಬಂತು. ಹುಟ್ಟಿದಂದಿನಿಂದ ನೋಡಿ ನೋಡಿ ಕಾಣಿಸದೇ ಹೋಗಿದ್ದದ್ದು. ಬೆಟ್ಟ ಇಳಿದು ತಾಳಬೆಟ್ಟದಲ್ಲಿ ನಿಂತ ಕೂಡಲೇ ಅವ್ವ ಹಿತ್ತಾಳೆ ಚೆಂಬಿನಲ್ಲಿ ನೀರು ತಂದು ಮುಂದಿನ ಎರಡು ಚಕ್ರಕ್ಕೂ ಸುರಿಯುತ್ತಾಳೆ. ಚುಂಯ್ ಎಂದು ಹಬೆ ಏಳುತ್ತದೆ. ಚಕ್ರಕ್ಕೆ ವಿಭೂತಿ ಬಳಿದು ಕೈಮುಗಿಯುತ್ತಾಳೆ. ಸುರಕ್ಷಿತವಾಗಿ ಇಳಿಸಿದ್ದಕ್ಕೆ ಮಾದಪ್ಪನಿಗೂ ಚಕ್ರಕ್ಕೂ ಒಪ್ಪಿಸುವ ನೀರು. ನಾನು ಆ ಹೊತ್ತಿನಲ್ಲಿ ಟೀ ಕುಡಿಯುತ್ತಿರುತ್ತೇನೆ. ಅಥವಾ ಟೀ ಕುಡಿಯುತ್ತ ಫೋನಿನಲ್ಲಿ ಬ್ರೇಕ್ ಡಿಸ್ಕ್ ಬಗ್ಗೆ ಓದುತ್ತಿರುತ್ತೇನೆ.

ಕೆಂಡದಂಥ ಎರಕದ ಕಬ್ಬಿಣಕ್ಕೆ ಒಂದು ಚೆಂಬು ತಣ್ಣೀರು. ಪ್ರತಿ ತಿಂಗಳು. ಹೊರಗೆಲ್ಲೋ ಜನ ಗಂಟೆಗಟ್ಟಲೆ ಕಾದು ಅಳೆದು ತಣ್ಣಗೆ ಮಾಡುವುದನ್ನು ನಾವು ಒಂದು ಕ್ಷಣದಲ್ಲಿ ಮಾಡಿ ಮುಗಿಸುತ್ತಿದ್ದೆವು. ಅವರಿಗೆ ಇದು ಗೊತ್ತಿತ್ತು. ಬರೆದಿಟ್ಟಿದ್ದರು, ನನಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ? ಅವ್ವ ಆ ತಿರುವಿನಲ್ಲಿ ಸತ್ತಿದ್ದರೆ? ಸತ್ತವರ ಮೇಲೆ ಅಷ್ಟು ಕೋಪ ನನಗೆ ಎಂದೂ ಬಂದಿರಲಿಲ್ಲ.

ಮನೆಗೆ ಹೋದವನೇ ಅವ್ವನ ಮುಂದೆ ನಿಂತು ಹೇಳಿದೆ, ಇನ್ನು ಮೇಲೆ ಚಕ್ರಕ್ಕೆ ನೀರು ಹಾಕುವ ಹಾಗಿಲ್ಲ. ಯಾಕೆ, ಏನು, ಬಿರುಕು, ಬಿಸಿ, ಎಲ್ಲ ಹೇಳಿದೆ. ಅವ್ವ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ.

"ಯಾರ್ಲಾ ಏಳ್ದೋರು ನಿಂಗ?"

"ಆ ಬ್ರೇಕಿನವರು. ಸತ್ತರಲ್ಲ, ಅವರು ಬರೆದಿಟ್ಟಿದ್ದಾರೆ."

"ಸುಳ್ಳೇಳ್ಬ್ಯಾಡ ಕಣೋ. ನೀರಾಕದ ಏಳ್ಕೊಟ್ಟೋರೇ ಆ ಅಣ್ಣ."

ಸೊಪ್ಪು ಬಿಡಿಸುತ್ತಲೇ ಹೇಳಿದಳು. ಅಪ್ಪನ ಹಳೆಯ ವ್ಯಾನಿನ ಚಕ್ರದಲ್ಲಿ ಡಿಸ್ಕಲ್ಲ, ಬ್ರೇಕನ್ನು ಒಳಗೆ ಮುಚ್ಚಿಟ್ಟುಕೊಳ್ಳುವ ದಪ್ಪ ಕಬ್ಬಿಣದ ಡ್ರಮ್ಮು ಇತ್ತು. ಅಪ್ಪ ಬ್ರೇಕ್ ಒತ್ತಿಕೊಂಡೇ ಬೆಟ್ಟ ಇಳಿಸುತ್ತಿದ್ದ, ಕೆಳಗೆ ಬರುವಷ್ಟರಲ್ಲಿ ಅದು ಹೊಗೆಯಾಡುತ್ತಿತ್ತು. ಆಗ ಅವರಿನ್ನೂ ಹೊಸದಾಗಿ ಶೆಡ್ಡು ಹಾಕಿದ್ದರು. ತಾಳಬೆಟ್ಟದಲ್ಲಿ ನಿಲ್ಲಿಸಿ ಒಂದು ಚೆಂಬು ನೀರು ಹೊಯ್ಯಿರಿ, ತಣ್ಣಗಾಗಲಿ, ಆಮೇಲೆ ಹನೂರಿಗೆ ಹೊರಡಿ ಎಂದು ಅಪ್ಪನಿಗೆ ಹೇಳಿದವರು ಅವರೇ. ಅಪ್ಪ ಸೋಮಾರಿ, ಚೆಂಬನ್ನು ಅವ್ವನ ಕೈಗೆ ಕೊಟ್ಟ. ಬರೀ ನೀರು ಹಾಕುವುದು ಹೇಗೆ ಎಂದು ಅವ್ವ ವಿಭೂತಿ ಸೇರಿಸಿದಳು.

"ನಿಮ್ಮಪ್ಪ ಇರಗಂಟ ಒಂದು ದಿನ ಕೈಕೊಡ್ಲಿಲ್ಲ ಗಾಡಿ. ಈಗ ಬ್ಯಾಡ ಅಂತೀಯಾ?"

ಆಗ ಅರ್ಥವಾಯಿತು. ಅರ್ಥವಾಯಿತು ಎಂದುಕೊಂಡೆ, ಅನ್ನುವುದು ಸರಿ. ಅವರ ಬಾಯಿಂದಲೇ ಹೊರಟ ಮಾತು ಒಬ್ಬ ಹೆಂಗಸಿನ ಹರಕೆಯಾಗಿ ಕೂತಿದೆ. ಗಂಡನ ನೆನಪು ಅದರಲ್ಲಿದೆ. ಅದನ್ನು ಈಗ ತಪ್ಪು ಎನ್ನಬೇಕಾದವರೂ ಅವರೇ. ಅವರಿಗೆ ಬಾಯಿ ಬರಲಿಲ್ಲ. ಅದರ ಬದಲು ಅವ್ವನ ನೀರನ್ನು ಹಾಗೇ ಬಿಟ್ಟು ನನ್ನನ್ನು ತಿದ್ದಲು ನೋಡಿದರು. ಚಕ್ರ ಬಿಸಿಯಾಗದ ಹಾಗೆ ಇಳಿದರೆ ನೀರು ಬಿದ್ದರೂ ಏನೂ ಆಗುವುದಿಲ್ಲ. ಸಣ್ಣ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕಿಗೆ ಕೆಲಸ ಕಡಿಮೆ. ಎರಡನೇ ಗೇರು, ಎರಡನೇ ಗೇರು ಎಂದು ಜಪ ಮಾಡಿದ್ದು ಅದಕ್ಕೆ.

ಇದು ಚೆನ್ನಾಗಿ ಹೊಂದಿಕೊಳ್ಳುತ್ತದೆ. ಅದಕ್ಕೇ ನನಗೆ ನಂಬಿಕೆಯಿಲ್ಲ. ಅವರು ಬರೀ ಮುಜುಗರಕ್ಕೆ ಸುಮ್ಮನಿದ್ದಿರಬಹುದು. ಹೇಳಿದರೆ ಆಗುತ್ತಿದ್ದ ರಾದ್ಧಾಂತ ಬೇಡವೆಂದು ಇದ್ದಿರಬಹುದು. ಮೂರನೇ ಜೊತೆ ಬಿಚ್ಚುವವರೆಗೆ ಅವರಿಗೇ ಗೊತ್ತಾಗದೆಯೂ ಇದ್ದಿರಬಹುದು, ಎಡಚಕ್ರ ಬಲಚಕ್ರ ತಪ್ಪಿದವರೇ ತಾನೇ. ಕೇಳೋಣವೆಂದರೆ ಶೆಡ್ಡಿಗೆ ಬೀಗ ಬಿದ್ದಿದೆ.

ಬ್ಯಾನರಿಗೆ ಕೊನೆಗೆ ಒಂದೇ ಸಾಲು ಕೊಟ್ಟೆ: "ಏರಿದ ಗೇರಲ್ಲೇ ಇಳೀಬೇಕು." ಚಾಲಕ ಓದಿ, "ಇದೇನ್ ಸಾ, ಎಲ್ಲಾರ್ಗೂ ಗೊತ್ತಿರಾದೇಯ" ಎಂದ. ಬ್ಯಾನರಿನ ಮೇಲೆ ಬಂದದ್ದು ಸದ್ದಿನ ಕತೆಯೇ. ಕೆಳಗೆ ನನ್ನ ಹೆಸರು ಹಾಕಿದ್ದಾರೆ.

ಈ ಅಮಾವಾಸ್ಯೆಗೆ ಹೋದೆವು. ಇಳಿಯುವಾಗ ಎರಡನೇ ಗೇರು ಬಿಡಲಿಲ್ಲ. ಇಂಜಿನ್ ಅರಚಿತು. ಹಿಂದಿನವರೆಲ್ಲ ಹಾರ್ನ್ ಹೊಡೆದರು. ಅವ್ವ ಪ್ರತಿ ತಿರುವಿಗೂ, "ಇದ್ಯಾಕ್ಲಾ ಇಂಗ್ ಬಡ್ಕತದ ಗಾಡಿ, ರಿಪೇರಿ ಮಾಡ್ಸು" ಎಂದಳು. ತಾಳಬೆಟ್ಟದಲ್ಲಿ ನಿಲ್ಲಿಸಿ, ಅವ್ವನಿಗಿಂತ ಮೊದಲು ಇಳಿದು, ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈಯ ಹಿಂಭಾಗ ಹಿಡಿದೆ. ಬೆಚ್ಚಗಿತ್ತು, ಅಷ್ಟೇ.

ಅವ್ವ ಚೆಂಬು ತಂದಳು. ನಾನು ಟೀಗೆ ಹೋಗಲಿಲ್ಲ, ಅಲ್ಲೇ ನಿಂತೆ. ಸುರಿದಳು. ನೀರು ಡಿಸ್ಕಿನ ಮೇಲೆ ಹರಿದು, ಸದ್ದಿಲ್ಲದೆ ಮಣ್ಣಿಗೆ ಇಳಿಯಿತು. ಅವ್ವ ಕಾದಳು. ಬಗ್ಗಿ ನೋಡಿದಳು. ಇನ್ನೊಂದು ಚಕ್ರಕ್ಕೆ ಹೋಗಿ ಉಳಿದ ನೀರು ಹೊಯ್ದಳು. ಅಲ್ಲೂ ಅಷ್ಟೇ.

ಖಾಲಿ ಚೆಂಬು ಹಿಡಿದುಕೊಂಡು ನನ್ನ ಕಡೆ ತಿರುಗಿದಳು. ಅವಳ ಮುಖ ಸಣ್ಣದಾಗಿತ್ತು.

"ಚುಂಯ್ ಅನ್ನಲೇ ಇಲ್ವಲ್ಲೋ. ಒಪ್ಪಿಸ್ಕಳ್ಳಿಲ್ವೇನೋ ಮಾದಪ್ಪ."

"ಒಪ್ಪಿಸಿಕೊಂಡಿದ್ದಾನೆ ಅವ್ವ. ತಣ್ಣಗಿದೆ, ಅದಕ್ಕೆ."

"ನಂಗೊತ್ತಿಲ್ವಾ ಸುಮ್ನಿರು" ಎಂದಳು. ವಿಭೂತಿಯ ಪೊಟ್ಟಣವನ್ನು ಬಿಚ್ಚದೆ ಸೆರಗಿಗೆ ಕಟ್ಟಿಕೊಂಡಳು. ಕಾರಿನಲ್ಲಿ ಕೂತು, ಬಾಗಿಲು ಎಳೆದುಕೊಂಡಳು. ಹನೂರು ಬಂದ ಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದಳು:

"ಮುಂದ್ಲ ಅಮಾಸೆಗ ನಿಮ್ಮಪ್ಪನಂಗೆ ಓಡ್ಸು."